ಇಪೋದಲ್ಲಿ ನಾನು ಕೊಟ್ಟ ಎಪ್ಪತ್ನಾಲ್ಕು

ವಾಡಿ ಜಂಕ್ಷನ್

ಸಾಲು ಸೊಟ್ಟಗಿದ್ದರೆ ನನಗೆ ಊಟ ಸೇರುವುದಿಲ್ಲ. ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಿ.ಟಿ. ಟೀಚರ್ ಆಗಿ ಸೀಟಿ ಊದಿದ್ದಕ್ಕೆ ಅಂಟಿಕೊಂಡ ರೋಗ ಇದು. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಗಳ ನಡುವಿನ ಅಂತರ ಸಮ ಇದೆಯೇ ಎಂದು ನೋಡುತ್ತೇನೆ. ಬ್ಯಾಂಕಿನಲ್ಲಿ ಯಾರಾದರೂ ಅರ್ಧ ಹೆಜ್ಜೆ ಹೊರಗೆ ನಿಂತಿದ್ದರೆ ಬೆರಳು ತೋರಿಸಿ ಒಳಗೆ ಸರಿಸುತ್ತೇನೆ. ಇಂಥವಳಿಗೆ ಮಲೇಷ್ಯಾದ ಇಪೋ ಎಂಬ ಊರಿನಿಂದ, ಶಾಲಾ ಹುಡುಗಿಯರ ನೃತ್ಯ ಮತ್ತು ಡ್ರಿಲ್ ತಂಡಗಳ ಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಬರಬೇಕೆಂದು ಪತ್ರ ಬಂತು. ನನಗೇನೂ ಭಾರೀ ಆಶ್ಚರ್ಯವಾಗಲಿಲ್ಲ. ಕೊನೆಗೂ ಯಾರೋ ಗುರುತಿಸಿದರಲ್ಲ ಎನಿಸಿತು. ಇದು ನನ್ನ ಸೊಕ್ಕು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಡ್ರಿಲ್ ತಂಡ ಎಂದರೆ ನಮ್ಮ ಲೇಜಿಮ್‌ನ ತಂಗಿ ಎಂದುಕೊಳ್ಳಿ. ಹದಿನಾರು ಹುಡುಗಿಯರು ಹಾಡಿನ ತಾಳಕ್ಕೆ ಸಾಲು ಕಟ್ಟಿ, ಮುರಿದು, ಮತ್ತೆ ಕಟ್ಟಿ ಕುಣಿಯುತ್ತಾರೆ. ಒಬ್ಬಳ ಮೊಣಕೈ ಇನ್ನೊಬ್ಬಳಿಗಿಂತ ಎರಡು ಬೆರಳು ಕೆಳಗಿದ್ದರೂ ಅಂಕ ಹೋಗುತ್ತದೆ. ಇದರ ತೀರ್ಪಿನ ತರಬೇತಿಯನ್ನು ಮೊಬೈಲಿನಲ್ಲೇ ಆರು ತಿಂಗಳು ಕಲಿತು ಪಾಸಾಗಿದ್ದೆ. ಪತ್ರ ಬಂದದ್ದು ಅದರಿಂದ. ಹೊರಡುವ ಹಿಂದಿನ ದಿನ ಶಾಲೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆದು, ತಾಲ್ಲೂಕಿನ ಎಲ್ಲ ಗ್ರೂಪುಗಳಿಗೂ ಕಳಿಸಿದರು.

ಜೊತೆಗೆ ಹೊರಟವರು ನಮ್ಮ ಮನೆಯವರು. ಅವರು ರಾವೂರಿನವರು, ಫರಸಿ ಕಲ್ಲಿನ ವ್ಯಾಪಾರ. ನೆಲಕ್ಕೆ ಹಾಸುವ ಈ ಕಲ್ಲನ್ನು ಊರ ಹೊರಗಿನವರು ಶಹಾಬಾದ್ ಕಲ್ಲು ಎನ್ನುತ್ತಾರೆ. ಯಾರ ಮನೆಗೆ ಹೋದರೂ ಮೊದಲು ಬಗ್ಗಿ ನೆಲವನ್ನು ಗೆಣ್ಣಿನಿಂದ ಬಡಿದು ನೋಡುವುದು ಇವರ ಚಟ. ಹೈದರಾಬಾದಿಗೆ ಹೋಗುವ ರೈಲಿಗೆ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ಕುಳಿತಾಗ ಅವರೇ ಷರತ್ತು ಹಾಕಿದರು.

"ಕಸ್ತೂರಿ, ಅಲ್ಲಿ ಹೋಗಿ ಮಂದಿಗೆ ಬೆರಳ ತೋರಸಬ್ಯಾಡ ಮತ್ತ. ಪರದೇಶ ಅದು."

"ನೀವೂ ಅಲ್ಲಿ ಮಂದಿ ನೆಲ ಬಡದು ನೋಡಬ್ಯಾಡ್ರಿ."

"ಆತು, ನೋಡಂಗಿಲ್ಲ."

ಇಬ್ಬರ ಮಾತೂ ಎರಡು ದಿನ ಬಾಳಲಿಲ್ಲ.

ಕೌಲಾಲಂಪುರ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮ ಚೀಲವನ್ನು ಬದಿಗೆ ಇಟ್ಟರು. ನಾನು ಕಟ್ಟಿಕೊಂಡು ಬಂದ ಖಡಕ್ ರೊಟ್ಟಿಗೇ ಏನೋ ಆಯಿತು ಎಂದುಕೊಂಡೆ. ತಲೆಗೆ ವಸ್ತ್ರ ಕಟ್ಟಿದ್ದ ಹುಡುಗಿ ಒಬ್ಬಳು ಒಳಗಿನಿಂದ ಅಂಗೈ ಅಗಲದ ಫರಸಿ ತುಣುಕೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ನಾನು ಇವರ ಮುಖ ನೋಡಿದೆ.

"ಸ್ಯಾಂಪಲ್," ಎಂದರು ಇವರು, ಲಾರಿ ಚೆಕ್‌ಪೋಸ್ಟಿನಲ್ಲಿ ಹೇಳುವ ಧಾಟಿಯಲ್ಲಿ.

ಇಪೋದಲ್ಲಿ ಸುಣ್ಣಕಲ್ಲಿನ ಗುಡ್ಡಗಳಿವೆ ಎಂದು ಯಾರೋ ಹೇಳಿದ್ದರಂತೆ. ನಮ್ಮದೂ ಸುಣ್ಣಕಲ್ಲೇ, ಹೋಲಿಸಿ ನೋಡಬೇಕಿತ್ತಂತೆ. ಆ ಹುಡುಗಿ ಕಲ್ಲನ್ನು ತಿರುಗಿಸಿ ನೋಡಿ, ಬಲಗೈಯನ್ನು ಎದೆಗೆ ಮುಟ್ಟಿಸಿ, ನಗುತ್ತ ಹಿಂದಿರುಗಿಸಿದಳು. ಮುಂದಿನ ಬಾಗಿಲು ಎಲ್ಲಿ ಎಂದು ಕೇಳಿದರೆ ಹೆಬ್ಬೆರಳಿನಿಂದ ತೋರಿಸಿದಳು. ತೋರುಬೆರಳು ಮಾಡುವುದು ಇಲ್ಲಿ ಒರಟುತನವಂತೆ. ಮುಷ್ಟಿ ಮಡಿಸಿ ಮೇಲೆ ಹೆಬ್ಬೆರಳು ಚಾಚುತ್ತಾರೆ. ಅದು ಗೊತ್ತಾಗುವ ಹೊತ್ತಿಗೆ ನಾನು ಮೂವರಿಗೆ ಬೆರಳು ತೋರಿಸಿ ಆಗಿತ್ತು.

ಅಲ್ಲಿಂದ ಇಪೋಗೆ ರೈಲು. ಬೋಗಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ, ಯಾರೂ ಯಾರನ್ನೂ ಯಾವ ಊರು ಎಂದು ಕೇಳಲಿಲ್ಲ. ಎರಡೂವರೆ ತಾಸು ಬಾಯಿ ಮುಚ್ಚಿ ಕುಳಿತದ್ದಕ್ಕೆ ಇವರಿಗೆ ತಲೆನೋವು ಬಂತು.

ಇಪೋ

ಗುಡ್ಡಗಳು ಊರಿನ ನಡುವೆಯೇ ಎದ್ದು ನಿಂತಿವೆ. ನಮ್ಮ ಕಡೆ ಕಲ್ಲು ನೆಲದಲ್ಲಿ ಪದರು ಪದರಾಗಿ ಮಲಗಿರುತ್ತದೆ, ಅಗೆದು ಎಬ್ಬಿಸಬೇಕು. ಇಲ್ಲಿ ಗೋಡೆಯಂತೆ ನೆಟ್ಟಗೆ ನಿಂತು, ಮೈಮೇಲೆ ಗಿಡಮರ ಬೆಳೆಸಿಕೊಂಡಿದೆ. ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡಾಗ ನನಗೆ ವಾಡಿಯ ನೆನಪಾಗಿ ಸಮಾಧಾನವೇ ಆಯಿತು. ಇವರು ಹೋಟೆಲಿನ ಬಾಗಿಲಲ್ಲೇ ಬಗ್ಗಿ ನೆಲ ಬಡಿದರು.

"ಟೈಲ್ಸ್. ಇಷ್ಟ ಕಲ್ಲಿದ್ದೂ ಟೈಲ್ಸ್ ಹಾಕ್ಯಾರ," ಎಂದು ಬಹಳ ಬೇಜಾರು ಮಾಡಿಕೊಂಡರು.

ಬೀದಿಯಲ್ಲಿ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ದಾರ ಕಟ್ಟಿ, ಬೆರಳಿಗೆ ಸಿಕ್ಕಿಸಿ ಕೊಡುತ್ತಾರೆ. ನಮ್ಮಲ್ಲೂ ಚಹಾ ಪಾರ್ಸಲ್ ಹಾಗೆಯೇ, ಆದರೆ ನಾವು ಮನೆಗೆ ಒಯ್ದು ಕಪ್ಪಿಗೆ ಬಗ್ಗಿಸುತ್ತೇವೆ. ಇಲ್ಲಿಯವರು ಚೀಲಕ್ಕೇ ಕೊಳವೆ ತೂರಿಸಿ ನಡೆಯುತ್ತ ಕುಡಿಯುತ್ತಾರೆ. ನಾನೂ ಹಾಗೆ ಮಾಡಲು ಹೋಗಿ ಇಳಕಲ್ ಸೀರೆಯ ಮೇಲೆ ಅರ್ಧ ಚೀಲ ಚೆಲ್ಲಿಕೊಂಡೆ. ಪಕ್ಕದ ಅಂಗಡಿಯ ಚೀನೀ ಅಜ್ಜಿ ಒದ್ದೆ ಬಟ್ಟೆ ತಂದು ಒರೆಸಿದಳು. ಅವಳಿಗೆ ಮನಸ್ಸಿನಲ್ಲೇ ತೊಂಬತ್ತೈದು ಕೊಟ್ಟೆ.

ಹೌದು, ನಾನು ಎಲ್ಲರಿಗೂ ಅಂಕ ಕೊಡುತ್ತೇನೆ. ಗಗನಸಖಿಯ ನಡಿಗೆಗೆ, ಪೊಲೀಸರ ಸಲಾಮಿಗೆ, ಇವರ ಗೊರಕೆಗೆ.

ಮೊದಲನೇ ದಿನ

ಸ್ಪರ್ಧೆ ಒಳಾಂಗಣದಲ್ಲಿ ಇತ್ತು. ಮುಖ್ಯ ತೀರ್ಪುಗಾರ್ತಿ ಮೇಡಂ ಲಿಮ್ ಎಂಬ ಅರವತ್ತರ ಹೆಂಗಸು. ಸಣ್ಣ ಮೈಕಟ್ಟು, ಎದೆ ಸೆಟೆಸಿದ ನಿಲುವು. ತೀರ್ಪು ಕೊಡುವವರು ನಾವು ನಾಲ್ವರು. ಅವರು ಅಂಕ ಕೊಡುವುದಿಲ್ಲ, ನಿಯಮ ಕಾಯುತ್ತಾರೆ. ನಮ್ಮನ್ನು ಒಬ್ಬರಿಂದೊಬ್ಬರಿಗೆ ಹತ್ತು ಮಾರು ದೂರ ಕೂರಿಸಿದರು. ಪ್ರತಿಯೊಬ್ಬರ ಮುಂದೆ ಒಂದು ಟ್ಯಾಬ್, ಕೊರಳಿಗೆ ಒಂದು ಧ್ವನಿಮುದ್ರಕ. ತಂಡ ಕುಣಿಯುತ್ತಿರುವಾಗಲೇ ಕಂಡದ್ದನ್ನು ಮೆಲ್ಲಗೆ ಮಾತಿನಲ್ಲಿ ಹೇಳುತ್ತ ಹೋಗಬೇಕು: ಎರಡನೇ ಸಾಲು ಸೊಗಸು, ಬಲಗಡೆ ಅಂತರ ಕೆಟ್ಟಿತು, ಹೀಗೆ. ಆಮೇಲೆ ಆ ಧ್ವನಿಯನ್ನು ತಂಡದ ತರಬೇತುದಾರರಿಗೆ ಕೊಡುತ್ತಾರೆ. ಕುಣಿತ ಮುಗಿದ ಎರಡು ನಿಮಿಷದಲ್ಲಿ ಅಂಕ ಒತ್ತಿ ಕಳಿಸಬೇಕು.

ನಮ್ಮ ಪದ್ಧತಿ ಬೇರೆ. ಸೇಡಂನ ಮೈದಾನದಲ್ಲಿ ತಾಲ್ಲೂಕು ಮಟ್ಟದ ಸ್ಪರ್ಧೆ ನಡೆದರೆ ಮೂವರು ತೀರ್ಪುಗಾರರು ಶಾಮಿಯಾನದ ಕೆಳಗೆ ಒಂದೇ ಮೇಜಿಗೆ ಕೂರುತ್ತೇವೆ. ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ, ಚಹಾ ಬರುತ್ತಿರುತ್ತವೆ. ಅಂಕ ಬರೆಯುವುದು ಪೆನ್ಸಿಲಿನಲ್ಲಿ. ಮೊದಲ ತಂಡ ಎಷ್ಟೇ ಚೆನ್ನಾಗಿ ಮಾಡಲಿ, ಕೈ ಬಿಗಿ ಹಿಡಿಯಬೇಕು. ಅವರಿಗೇ ಎಲ್ಲ ಕೊಟ್ಟರೆ ಹಿಂದೆ ಬರುವವರಿಗೆ ಜಾಗ ಎಲ್ಲಿದೆ? ಎಲ್ಲರದೂ ಮುಗಿದ ಮೇಲೆ ಹಿರಿಯ ಸರ್ ರಬ್ಬರ್ ತೆಗೆದುಕೊಂಡು ಒಂದು ಕಡೆ ಏರಿಸಿ, ಒಂದು ಕಡೆ ಇಳಿಸಿ, ಪೆನ್ನಿನಲ್ಲಿ ತಿದ್ದುತ್ತಾರೆ. ಇದರಲ್ಲಿ ಮೋಸವಿದೆ ಎಂದು ನಮಗೆ ಯಾರಿಗೂ ಅನಿಸಿದ್ದಿಲ್ಲ. ಇಪೋದವರು ಮೊಬೈಲಿನಲ್ಲಿ ಕೊಟ್ಟ ತರಬೇತಿಯಲ್ಲಿ ಪ್ರತಿ ತಂಡಕ್ಕೂ ಅದರದೇ ಅಂಕ ಎಂದು ನೂರು ಸಲ ಹೇಳಿದ್ದರು. ಅದು ನನ್ನ ತಲೆಗೆ ಹೋಗಿತ್ತು, ಕೈಗೆ ಇಳಿದಿರಲಿಲ್ಲ.

ಚೀಟಿಯಲ್ಲಿ ಮೊದಲು ಬಂದದ್ದು ಒಂದು ತಾಳೆಎಣ್ಣೆ ತೋಟದ ಶಾಲೆಯ ತಂಡ. ಹದಿನಾರು ಹುಡುಗಿಯರು, ನೇರಳೆ ಬಣ್ಣದ ಉಡುಪು, ಮನೆಯಲ್ಲೇ ಹೊಲಿದದ್ದೆಂದು ಹೊಲಿಗೆಯೇ ಹೇಳುತ್ತಿತ್ತು. ಹಾಡು ಶುರುವಾಯಿತು. ನಾಲ್ಕು ಸಾಲು ಎರಡಾಗಿ, ಎರಡು ಸಾಲು ಒಂದು ಚಕ್ರವಾಗಿ, ಚಕ್ರ ಒಡೆದು ಕರ್ಣರೇಖೆಯಾಯಿತು. ಒಬ್ಬಳ ಹಿಮ್ಮಡಿಯೂ ತಡವಾಗಿ ನೆಲ ಮುಟ್ಟಲಿಲ್ಲ. ನಾನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ಯಾವಾಗ ಕನ್ನಡಕ್ಕೆ ಜಾರಿದೆನೋ ತಿಳಿಯದು. ಮೂರನೇ ಸಾಲಿನ ಕೊನೆಯವಳ ಎಡಗೈ ಮಾತ್ರ ಪ್ರತಿಸಲ ಅರ್ಧ ತಾಳ ಹಿಂದೆ ಬರುತ್ತಿತ್ತು, ಅದನ್ನು ಮತ್ತೆ ಇಂಗ್ಲಿಷಿನಲ್ಲೇ ಹೇಳಿದೆ.

ಮುಗಿಯಿತು. ಟ್ಯಾಬಿನಲ್ಲಿ ಎಪ್ಪತ್ನಾಲ್ಕು ಒತ್ತಿ ಕಳಿಸಿದೆ. ಇನ್ನೂ ಆರು ತಂಡ ಇವೆ, ಆಮೇಲೆ ನೋಡೋಣ ಎಂಬ ಲೆಕ್ಕ ಬೆರಳ ತುದಿಯಲ್ಲೇ ನಡೆದುಹೋಗಿತ್ತು. ಪರದೆ ಹಸಿರಾಗಿ, ಅಂಕ ಮಾಯವಾಯಿತು. ಆಗ ಕೈ ರಬ್ಬರಿಗಾಗಿ ಮೇಜಿನ ಮೇಲೆ ತಡವಿದ್ದು ಸುಳ್ಳಲ್ಲ.

ಉಳಿದ ತಂಡಗಳು ಬಂದವು, ಹೋದವು. ಒಂದೂ ಆ ಹುಡುಗಿಯರ ಹತ್ತಿರ ಸುಳಿಯಲಿಲ್ಲ. ಜಾಗ ಕಾಯ್ದಿಟ್ಟದ್ದಷ್ಟೇ ಬಂತು, ಕೂರಲು ಯಾರೂ ಬರಲಿಲ್ಲ.

ಮಾತುಕತೆಯ ಕೋಣೆ

ಮಧ್ಯಾಹ್ನ ಒಂದು ಸಣ್ಣ ಕೋಣೆಯಲ್ಲಿ ತರಬೇತುದಾರರು ತೀರ್ಪುಗಾರರನ್ನು ಐದೈದು ನಿಮಿಷ ಭೇಟಿಯಾಗುತ್ತಾರೆ. ಅಂಕ ಯಾಕೆ ಹೋಯಿತು ಎಂದು ಅವರು ಕೇಳಬಹುದು, ನಾವು ಉತ್ತರ ಕೊಡಬೇಕು. ನಮ್ಮಲ್ಲಿ ಹೀಗೆ ಕೋಣೆ ತೆರೆದರೆ ಐದು ನಿಮಿಷದಲ್ಲಿ ಕುರ್ಚಿ ಹಾರುತ್ತವೆ. ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು, ತಲೆ ಬಾಗಿಸಿ ಒಳಗೆ ಬರುತ್ತಾರೆ.

ತೋಟದ ಶಾಲೆಯ ತರಬೇತುದಾರ್ತಿಯ ಹೆಸರು ಸತ್ಯವತಿ. ನಲವತ್ತರ ಆಸುಪಾಸು, ಬಿಗಿ ಜಡೆ. ಒಳಗೆ ಬಂದವಳು ಅಂಕಪಟ್ಟಿ ಮೇಜಿನ ಮೇಲಿಟ್ಟಳು. ಎಂಬತ್ತೆಂಟು, ಎಂಬತ್ತೇಳು, ಎಂಬತ್ತಾರು, ಎಪ್ಪತ್ನಾಲ್ಕು. ಚಿನ್ನದ ದರ್ಜೆಗೆ ಸರಾಸರಿ ಎಂಬತ್ತೈದು ಬೇಕು. ಚಿನ್ನ ಸಿಕ್ಕಿದ ತಂಡ ಮಾತ್ರ ದೇಶದ ಮಟ್ಟಕ್ಕೆ ಹೋಗುತ್ತದೆ. ಅವಳ ತಂಡಕ್ಕೆ ಬಂದದ್ದು ಎಂಬತ್ಮೂರು ಮುಕ್ಕಾಲು.

"ಇದು ನಮ್ಮ ಮೂರನೇ ವರ್ಷ," ಎಂದಳು ಇಂಗ್ಲಿಷಿನಲ್ಲಿ, ಜಗಳವಿಲ್ಲದ ದನಿಯಲ್ಲಿ. "ಹದಿನಾರರಲ್ಲಿ ಹನ್ನೊಂದು ಮಂದಿಗೆ ಇದೇ ಶಾಲೆಯ ಕೊನೇ ವರ್ಷ. ಏನು ತಿದ್ದಬೇಕು ಎಂದು ತಿಳಿಯಲು ನಿಮ್ಮ ಧ್ವನಿ ಎರಡು ಸಲ ಕೇಳಿದೆ. ಒಂದು ಕಡೆ ನಿಮ್ಮ ಭಾಷೆಯಲ್ಲಿ ಏನೋ ಹೇಳಿದ್ದೀರಿ. ತಪ್ಪು ಅಲ್ಲೇ ಇರಬೇಕು. ಅದರ ಅರ್ಥ ಹೇಳುತ್ತೀರಾ?"

ಮೊಬೈಲು ಒತ್ತಿದಳು. ಮೇಡಂ ಲಿಮ್ ಎದುರಿಗೇ ಕುಳಿತಿದ್ದರು. ಕೋಣೆಯ ತುಂಬ ನನ್ನದೇ ಗಂಟಲು:

"ಯವ್ವಾ, ಎಷ್ಟ ಛಂದ ಮಾಡಾಕತ್ತಾರ ಹುಡುಗ್ಯಾರು! ನನ್ನ ಸರ್ವಿಸ್‌ನಾಗ ಇಂಥಾ ಸಾಲು ನಾ ನೋಡಿಲ್ಲ ನೋಡು!"

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅರ್ಥ ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಹಾಗೆ ಮಾಡಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಂದು ಹೇಳಿದೆ. ಸತ್ಯವತಿ ಒಮ್ಮೆ ಮೊಬೈಲು ನೋಡಿದಳು, ಒಮ್ಮೆ ಎಪ್ಪತ್ನಾಲ್ಕನ್ನು ನೋಡಿದಳು. ಎದ್ದು, ಕುರ್ಚಿಯನ್ನು ಮೇಜಿನೊಳಗೆ ಸರಿಯಾಗಿ ಸರಿಸಿ, ಹೋದಳು. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೇಡಂ ಲಿಮ್ ನಿಯಮ ಓದಿ ಹೇಳಿದರು. ಒಬ್ಬರ ಅಂಕ ಉಳಿದವರಿಗಿಂತ ಹತ್ತಕ್ಕೂ ಹೆಚ್ಚು ದೂರವಿದ್ದರೆ ಅವರು ಕಾರಣ ಬರೆದುಕೊಡಬೇಕು. ಕಾರಣ ಕೊಟ್ಟರೆ ಅಂಕ ಉಳಿಯುತ್ತದೆ. ಕಾರಣವಿಲ್ಲ ಎಂದು ಬರೆದರೆ ಆ ತೀರ್ಪುಗಾರರ ಎಲ್ಲ ತಂಡಗಳ ಹಾಳೆಗಳೂ ರದ್ದು, ಉಳಿದ ಮೂವರ ಸರಾಸರಿ ನಿಲ್ಲುತ್ತದೆ. ಬರೆದವರು ಪೀಠದಿಂದ ಇಳಿಯಬೇಕು. ಎರಡನೇ ದಿನ ಕೂರುವಂತಿಲ್ಲ, ಮುಂದೆ ಕರೆಯೂ ಬರುವುದಿಲ್ಲ. ಅಂಕ ಮಾತ್ರ ತಿದ್ದಲು ದಾರಿಯೇ ಇಲ್ಲ.

"ಎಡಗೈ ತಡವಾಗಿ ಬಂತು ಎಂದು ಹೇಳಿದ್ದೀರಿ," ಎಂದರು ಅವರು ಮೃದುವಾಗಿ. "ಅದನ್ನೇ ಬರೆದರೂ ನಡೆಯುತ್ತದೆ. ಅರ್ಧ ಗಂಟೆ ಸಮಯವಿದೆ."

ಮೆಟ್ಟಿಲ ಮೇಲೆ

ಹೊರಗೆ ಮೆಟ್ಟಿಲ ಮೇಲೆ ಇವರು ಚೀಲದ ಚಹಾ ಕುಡಿಯುತ್ತ ಕುಳಿತಿದ್ದರು. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಶಾಲು ಹೊದಿಸಿದ ಫೋಟೊ ಇನ್ನೂ ಗ್ರೂಪುಗಳಲ್ಲಿ ಓಡಾಡುತ್ತಿತ್ತು.

"ಊರಾಗ ಏನಂತ ಹೇಳಲಿ? ಒಂದ ದಿನಕ್ಕ ಕೆಳಗ ಇಳಿಸಿ ಕಳಿಸ್ಯಾರಂತ ಹೇಳಲೇನು?"

"ಎಡಗೈ ತಡ ಆಗಿದ್ದು ಖರೇನ?"

"ಖರೇರಿ. ಅದಕ್ಕ ಒಂದ್ ಮಾರ್ಕ್ ಹೋಗ್ತದ. ಭಾಳ ಅಂದ್ರ ಎರಡ."

"ಮತ್ತ ಉಳದ ಹತ್ತು?"

"ಹಿಂದ ಬರೋರಿಗಂತ ಇಟ್ಟಿದ್ದೆ."

ಇವರು ಕೊಳವೆಯನ್ನು ಬಾಯಿಂದ ತೆಗೆದರು. "ನಾ ಫರಸಿ ಒಂದೊಂದೇ ಅಳೀತೀನಿ, ಕಸ್ತೂರಿ. ಹಿಂದ ಲಾರಿಯೊಳಗ ಏನ್ ಬರ್ತದಂತ ನೋಡಿ ಮುಂದಿನ ಹಾಸಿನ ದಪ್ಪ ಬರಿಯಂಗಿಲ್ಲ. ಹಂಗ ಬರದ್ರ ನನ್ನ ಕಡಿ ಯಾರ ಬರ್ತಾರ?"

ಇಪ್ಪತ್ತು ವರ್ಷ ಸಂಸಾರ ಮಾಡಿದ್ದರಲ್ಲಿ ಇವರು ನನ್ನ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು. ನನಗೆ ಸಿಟ್ಟು ಬಂತು, ಯಾಕೆಂದರೆ ಸರಿಯಾಗಿತ್ತು. ಆಗಲೇ ಚಿಂಚೋಳಿ ಕಡೆಯ ಮಕ್ಕಳ ನೆನಪಾಯಿತು. ಜಿಲ್ಲಾ ಕೂಟಕ್ಕೆ ಅವರು ನಸುಕಿನಲ್ಲೇ ಬಸ್ಸು ಹತ್ತಿ ಬರುತ್ತಾರೆ. ಸಂಜೆ ಬಸ್ಸಿಗೆ ತೊಂದರೆಯಾಗಬಾರದು ಎಂದು ನಾವೇ ಕನಿಕರಪಟ್ಟು ಮೊದಲು ಕುಣಿಸುತ್ತೇವೆ. ಪೆನ್ನು ಕೈಗೆ ಬರುವ ಹೊತ್ತಿಗೆ ಅವರು ಊರ ದಾರಿ ಹಿಡಿದು ಕಾಳಗಿ ದಾಟಿರುತ್ತಾರೆ. ಎದುರಿಗೆ ಇರುವ ತಂಡಗಳ ಅಂಕ ಏರುತ್ತದೆ, ಹೋದವರದು ಪೆನ್ಸಿಲಿನಲ್ಲಿದ್ದ ಹಾಗೆಯೇ ಉಳಿಯುತ್ತದೆ. ಎಷ್ಟು ವರ್ಷ, ಎಷ್ಟು ಹುಡುಗಿಯರು ಎಂದು ಎಣಿಸಲು ಹೋಗಿ ನಿಲ್ಲಿಸಿದೆ. ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಶಬ್ದ ನನ್ನ ಹತ್ತಿರ ಇಲ್ಲ.

ಒಳಗೆ ಹೋಗಿ ಬರೆದೆ: ಕಾರಣವಿಲ್ಲ. ಅಭ್ಯಾಸಬಲದಿಂದ ಕಡಿಮೆ ಕೊಟ್ಟೆ. ಮೇಡಂ ಲಿಮ್ ಎರಡು ಸಲ ಓದಿ, ನನ್ನ ಕೊರಳಿನ ಧ್ವನಿಮುದ್ರಕವನ್ನು ತಾವೇ ಬಿಚ್ಚಿಕೊಂಡರು. ಆಮೇಲೆ ಹಸ್ತಲಾಘವ ಕೊಟ್ಟು ಕೈ ಎದೆಗೆ ಮುಟ್ಟಿಸಿದರು.

ಸಂಜೆ ಫಲಿತಾಂಶ ಓದುವಾಗ ನಾನು ಗ್ಯಾಲರಿಯಲ್ಲಿ ಇವರ ಪಕ್ಕ ಕುಳಿತಿದ್ದೆ. ತೋಟದ ಶಾಲೆ, ಎಂಬತ್ತೇಳು, ಚಿನ್ನ. ಹದಿನಾರು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು, ಸಾಲೂ ಇಲ್ಲ, ಅಂತರವೂ ಇಲ್ಲ. ನಾನೂ ಎದ್ದು ನಿಂತು ಚಪ್ಪಾಳೆ ಹೊಡೆದೆ. ಯಾರೋ ಒಬ್ಬ ತೀರ್ಪುಗಾರರ ಹಾಳೆ ರದ್ದಾಗಿದೆ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಹೆಸರು ಹೇಳಲಿಲ್ಲ. ಖಾಲಿಯಾಗಿದ್ದ ನನ್ನ ಕುರ್ಚಿ ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ತೋಟದ ಶಾಲೆ

ಮರುದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಸತ್ಯವತಿ ನಿಂತಿದ್ದಳು. ಥ್ಯಾಂಕ್ಸ್ ಹೇಳಲು ಬಂದವಳಲ್ಲ.

"ಎಡಗೈ ಕಂಡದ್ದು ನಿಮಗೊಬ್ಬರಿಗೇ," ಎಂದಳು. "ಉಳಿದ ಮೂವರ ಧ್ವನಿಯಲ್ಲಿ ಆ ಮಾತಿಲ್ಲ. ನಾನು ಮೂರು ವರ್ಷ ಕಲಿಸಿದವಳು, ನನಗೂ ಕಂಡಿರಲಿಲ್ಲ. ಬಂದು ತಿದ್ದಿಕೊಡುತ್ತೀರಾ?"

ಕಾರಿನಲ್ಲಿ ಹೋಗುತ್ತ ಯಾರೊಡನೆಯೋ ಫೋನಿನಲ್ಲಿ ಅವಳು ತೆಲುಗು ಮಾತಾಡಿದಳು. ನನಗೆ ಕುಳಿತಲ್ಲೇ ಹಾರುವಂತಾಯಿತು. ನನ್ನ ತವರು ಸೇಡಂ ತಾಲ್ಲೂಕಿನ ಮುಧೋಳ. ಗಡಿಯಾಚೆಯ ತೆಲುಗು ಕೇಳುತ್ತಲೇ ಬೆಳೆದವಳು. ಅವಳ ಮುತ್ತಜ್ಜ ತೋಟದ ಕೂಲಿಗೆ ಹಡಗು ಹತ್ತಿ ಬಂದವನಂತೆ. ಅವಳ ತೆಲುಗು ಹಳೆಯದು, ನನ್ನದು ಅರ್ಧ ಕನ್ನಡ. ಆದರೂ ಅಲ್ಲಿಂದ ಮುಂದೆ ಇಂಗ್ಲಿಷಿನ ಕಾಟ ತಪ್ಪಿತು. ಹಿಂದಿನ ದಿನವೇ ಇದು ತಿಳಿದಿದ್ದರೆ ಬರೆಯಲು ಹಿಂಜರಿಯುತ್ತಿದ್ದೆನೋ ಏನೋ, ತನ್ನವರೆಂದು ಬರೆದಳು ಎಂದಾರು ಎಂಬ ಭಯಕ್ಕೆ.

ಶಾಲೆಯ ಅಂಗಳ ಸಿಮೆಂಟಿನದು, ಸುತ್ತ ತಾಳೆ ಮರಗಳ ಸಾಲು. ಯಾವ ಕಡೆಯಿಂದ ನೋಡಿದರೂ ಆ ಸಾಲು ಸೊಟ್ಟಗಿರಲಿಲ್ಲ. ಎಡಗೈ ತಡವಾಗುತ್ತಿದ್ದ ಹುಡುಗಿಯ ಹೆಸರು ಕವಿತಾ, ಹದಿನೈದು ವರ್ಷ, ಅವಳದೂ ತೆಲುಗು ಮನೆ. ಅವಳನ್ನು ಒಬ್ಬಳನ್ನೇ ಕುಣಿಸಿದೆ. ಒಬ್ಬಳೇ ಕುಣಿದಾಗ ಎಡಗೈ ಸರಿಯಾಗಿ ಏಳುತ್ತಿತ್ತು. ಸಾಲಿಗೆ ಸೇರಿಸಿದ ಕೂಡಲೇ ತಡ. ಮೂರು ಸಲ ನೋಡಿದ ಮೇಲೆ ಹೊಳೆಯಿತು: ಅವಳು ಎಣಿಸುತ್ತಿರಲಿಲ್ಲ. ಮುಂದಿನವಳ ಎಡಗೈ ಎದ್ದದ್ದನ್ನು ನೋಡಿ ತನ್ನದನ್ನು ಎತ್ತುತ್ತಿದ್ದಳು.

"ಮುಂದಿನವಳನ್ನು ಯಾಕೆ ನೋಡುತ್ತೀ?" ಎಂದೆ ತೆಲುಗಿನಲ್ಲಿ.

"ತಪ್ಪಾದರೆ ಅವಳ ಜೊತೆಗೇ ಆಗಲಿ ಅಂತ," ಎಂದಳು.

ಎಣಿಸಲು ಹೇಳಿದೆ, ಜೋರಾಗಿ, ಬಾಯಿ ತೆರೆದು. ನಾನು ನನ್ನ ಅಭ್ಯಾಸದಂತೆ ಏಕ್ ದೋ ತೀನ್ ಚಾರ್ ಎಂದು ಚಪ್ಪಾಳೆ ಹೊಡೆದೆ, ಅವಳು ಶಾಲೆಯ ಮಲಯ್ ಭಾಷೆಯಲ್ಲಿ ಸಾತು ದುವಾ ತಿಗಾ ಅಂಪತ್ ಎಂದಳು. ಬಿಸಿಲು ಏರಿತು. ಇವರು ಅಂಗಳದ ಮೂಲೆಯಲ್ಲಿ ಕುಳಿತು ಚಪ್ಪಾಳೆಗೆ ಸರಿಯಾಗಿ ತಲೆಯಾಡಿಸುತ್ತಿದ್ದರು. ಹನ್ನೆರಡನೇ ಸಲವೋ ಹದಿಮೂರನೇ ಸಲವೋ ಅವಳ ಕಣ್ಣು ಮುಂದಿನವಳನ್ನು ಬಿಟ್ಟು ನೆಟ್ಟಗಾಯಿತು. ಹದಿನಾರು ಎಡಗೈಗಳು ಒಟ್ಟಿಗೇ ಎದ್ದವು.

ಕವಿತಾ ಸಾಲು ಬಿಟ್ಟು ನನ್ನ ಕಡೆ ಓಡಿ ಬಂದಳು. ಮೂಗಿನ ತುದಿಯಲ್ಲಿ ಬೆವರು. "ಟೀಚರ್, ಈಗ ಎಷ್ಟು ಅಂಕ?" ಎಂದಳು.

ಹಿಂದೆ ಉಳಿದ ಹುಡುಗಿಯರು ತಾವೂ ಒಬ್ಬೊಬ್ಬರಾಗಿ ಮಾಡಿ ತೋರಿಸಲು ಸಾಲಾಗಿ ಕಾಯುತ್ತಿದ್ದರು. ನಾನು ಆ ಕಡೆ ನೋಡಲಿಲ್ಲ.

"ತೊಂಬತ್ತೊಂದು," ಎಂದೆ.